ಬಯಲಾಟದ ದಾಖಲೆಯಲ್ಲಿ ಕಾಲಸಂಕೇತ

ಭಟ್ಕಳ, ಹೊನ್ನಾವರ, ಕುಮಟೆಗಳ ಸೀಮೆ ಇರುಳಿಡೀ ನಡೆಯುವ ಬಯಲಾಟಕ್ಕೆ ಹೆಸರಾದುದು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಸ್ಥಾಪಿಸಿದುದು ಈ ಹೊನ್ನಾವರದ ನೆಲದಲ್ಲಿಯೇ. ಇಂಥ ಆಟವನ್ನು ದಾಖಲಿಸುವವರು ವೇಷವನ್ನು ವಿಡಿಯೋ ಕ್ಯಾಮರಾದಲ್ಲಿಯೂ, ಭಾಗವತರ ಪದ, ಮದ್ದಳೆ, ಚಂಡೆಗಳನ್ನು ಪ್ರತ್ಯೇಕ ಧ್ವನಿಮುದ್ರಕದಲ್ಲಿಯೂ ಹಿಡಿದರೆ, ಅನಂತರ ಎರಡನ್ನೂ ಕೂಡಿಸತಕ್ಕ ಬಗೆಯೆಂತು? ಚಂಡೆಯ ಪೆಟ್ಟು ಹೆಜ್ಜೆಗಿಂತ ಮುಂದಾಗಿ ಕೇಳಿಸಿದರೆ, ಆ ದಾಖಲೆಯಿಂದ ಕಲಿಯುವವನಿಗೆ ಕಲಾವಿದನೇ ತಾಳ ತಪ್ಪಿದಂತೆ ತೋರುವುದು.

ಕಾಲಸಂಕೇತವು, ಎಂದರೆ ಟೈಮ್ ಕೋಡ್, ಒಂದೊಂದು ಬಿಡಿಚಿತ್ರಕ್ಕೂ ಗಂಟೆ, ನಿಮಿಷ, ಸೆಕೆಂಡು, ಚಿತ್ರಸಂಖ್ಯೆಗಳ ವಿಳಾಸವನ್ನು ಕೊಡುವುದು. ಸೆಕೆಂಡಿಗೆ 25 ಚಿತ್ರಗಳ ಕ್ರಮದಲ್ಲಿ ಒಂದರ ಅವಧಿ 40 ಮಿಲಿಸೆಕೆಂಡು. ಎರಡು ಯಂತ್ರಗಳಲ್ಲಿಯೂ ಅದೇ ಸಂಕೇತವಿದ್ದರೆ ಸಮಾನ ವಿಳಾಸಗಳನ್ನು ಜೋಡಿಸಿದರಾಯಿತು.

ಆದರೆ ಸಂಕೇತವು ಕ್ಷಣವನ್ನು ಹೆಸರಿಸುವುದೇ ಹೊರತು ಯಂತ್ರದ ಗತಿಯನ್ನು ತಾನಾಗಿ ಆಳುವುದಿಲ್ಲ. ಎರಡರ ಗಡಿಯಾರಗಳಿಗೆ ಹತ್ತು ಲಕ್ಷಕ್ಕೆ 20ರಷ್ಟೇ ಅಂತರವಿರಲಿ; 8 ಗಂಟೆಗಳ ಆಟ ಮುಗಿಯುವಾಗ 0.576 ಸೆಕೆಂಡು, ಎಂದರೆ 14 ಚಿತ್ರಗಳಿಗೂ ಮಿಕ್ಕ ವ್ಯತ್ಯಾಸ ಬೀಳುವುದು. ಸಂಜೆ ಒಮ್ಮೆ ಹೊಂದಿಸಿದ ಮಾತ್ರದಿಂದ ಸಾಲದು. ಎರಡಕ್ಕೂ ಒಂದೇ ಗಡಿಯಾರವನ್ನು ಒದಗಿಸಬೇಕು. ಇಲ್ಲವೇ ಸಂಕೇತವನ್ನು ಇರುಳಿಡೀ ಎರಡರಲ್ಲಿಯೂ ಬರೆಯಿಸಿ, ಪ್ರಸಂಗದ ಭಾಗಭಾಗವನ್ನೂ ಬೇರೆಬೇರೆಯಾಗಿ ಜೋಡಿಸಬೇಕು.

ಕ್ಯಾಮರಾದಲ್ಲಿಯೇ ಸಿಕ್ಕ ಧ್ವನಿಯನ್ನು ಆಧಾರವಾಗಿಟ್ಟುಕೊಳ್ಳುವ ಸುಲಭೋಪಾಯವೊಂದುಂಟು. ನಮಗೆ ಅದು ಅಷ್ಟಾಗಿ ಒಪ್ಪಿಗೆಯಿಲ್ಲ. ಕ್ಯಾಮರಾ ರಂಗಸ್ಥಳದಿಂದ 34 ಮೀಟರು ಹಿಂದಿದ್ದರೆ ಚಂಡೆಯ ನಾದ ಅಲ್ಲಿಗೆ ಮುಟ್ಟುವುದು ಸುಮಾರು 0.1 ಸೆಕೆಂಡು ತಡವಾಗಿ. ಅಷ್ಟರೊಳಗೆ ಹೆಜ್ಜೆ ಬಿದ್ದು ಎರಡೂವರೆ ಚಿತ್ರಗಳು ಸರಿದಿರುವುವು.