ಬೇಲಿಯ ಮರೆಯ ಪಾಠಶಾಲೆಗಳು

ಐರ್ಲೆಂಡ್ ದೇಶದ ಕಲಹಗಳ ಚರಿತ್ರೆಯಲ್ಲಿ ದಂಗೆ ಯುದ್ಧಗಳಿಗೆ ಇರುವಂತೆ ಪಾಠಶಾಲೆಗೂ ಒಂದು ಸ್ಥಾನವುಂಟು. ಆ ಜನರು ತಮ್ಮ ಮಾತೃಭಾಷೆಯನ್ನು ಹೇಗೆ ಕಳೆದುಕೊಂಡರೆಂಬುದನ್ನು, ಮಕ್ಕಳನ್ನು ಶಾಲೆಗೆ ಕಳುಹಿಸುವ ತಾಯಿತಂದೆಗಳು ತಿಳಿಯತಕ್ಕುದಾಗಿದೆ.

1695ರಲ್ಲಿ ಮಾಡಲ್ಪಟ್ಟ ಶಾಸನವೊಂದು, ಅಲ್ಲಿ ಬಹುಸಂಖ್ಯಾತರಾದ ಕಥೋಲಿಕರು ಶಾಲೆ ನಡೆಸುವುದನ್ನೂ ವಿದ್ಯೆಗಾಗಿ ಮಕ್ಕಳನ್ನು ಪರದೇಶಕ್ಕೆ ಕಳುಹಿಸುವುದನ್ನೂ ನಿಷೇಧಿಸಿತು. ಜನರಾದರೋ ಸುಮ್ಮನಿರಲಿಲ್ಲ. ಬೇಲಿಯ ಮರೆಯಲ್ಲಿ, ಕೊಟ್ಟಿಗೆಯಲ್ಲಿ, ಮಣ್ಣಿನ ಗುಡಿಸಲಿನಲ್ಲಿ ಉಪಾಧ್ಯಾಯರು ಗುಟ್ಟಾಗಿ ಕಲಿಸತೊಡಗಿದರು. ಓದು, ಬರಹ, ಲೆಕ್ಕಗಳಲ್ಲದೆ ಕೆಲವೆಡೆ ಲ್ಯಾಟಿನ್ ಪಾಠವೂ ನಡೆಯುತ್ತಿತ್ತು. ಹೆಣ್ಣು ಮಕ್ಕಳೂ ಬಂದು ಕಲಿತರು. ಗುರುದಕ್ಷಿಣೆಯೆಂದರೆ ಒಂದಿಷ್ಟು ಹಣ, ಇಲ್ಲವೆ ಬೆಣ್ಣೆ, ಒಲೆಯ ಉರುವಲು. 1782ರಲ್ಲಿ ನಿಷೇಧವು ಸಡಿಲವಾದ ತರುವಾಯವೂ ಈ ಶಾಲೆಗಳು ಬಹುಕಾಲ ಉಳಿದವು.

1831ರಲ್ಲಿ ಸರಕಾರವು ರಾಷ್ಟ್ರೀಯ ಶಾಲೆಗಳನ್ನು ಏರ್ಪಡಿಸಿತು. ಬಡವರ ಮಕ್ಕಳಿಗೆ ವಿದ್ಯೆಯು ಸುಲಭವಾಯಿತೆಂಬುದು ನಿಜವೇ; ಆದರೆ ಪಾಠವೆಲ್ಲ ಇಂಗ್ಲಿಷಿನಲ್ಲಿ. ಮಗುವಿನ ಕೊರಳಿಗೆ ಒಂದು ಕಡ್ಡಿಯನ್ನು ಕಟ್ಟಿ, ಐರಿಷ್ ಮಾತು ಬಾಯಿಂದ ಬಿದ್ದಾಗಲೆಲ್ಲ ಅದರಲ್ಲಿ ಗೀಟು ಕೊರೆದು, ಬಳಿಕ ಗೀಟುಗಳನ್ನೆಣಿಸಿ ಹೊಡೆಯುವ ಪದ್ಧತಿಯು ಹಲವೆಡೆ ಇತ್ತು. ಮನೆಯಲ್ಲಿ ಗೀಟು ಕೊರೆದವರು ತಾಯಿತಂದೆಗಳೇ! ಅವರನ್ನು ನಿರ್ದಯರೆನ್ನಲು ನನಗೆ ಮನಸ್ಸು ಬಾರದು. ನ್ಯಾಯಸ್ಥಾನಕ್ಕೂ ಉದ್ಯೋಗಕ್ಕೂ ಅಮೆರಿಕಕ್ಕೆ ಹಡಗು ಹತ್ತುವುದಕ್ಕೂ ಇಂಗ್ಲಿಷೇ ಬೇಕಾಗಿತ್ತು. ಮಗುವು ಬದುಕಬೇಕಲ್ಲವೇ?

ಇಷ್ಟರಲ್ಲಿ 1845ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗಲಿ ಘೋರ ಕ್ಷಾಮವುಂಟಾಯಿತು. 1852ರೊಳಗೆ ಸುಮಾರು 10 ಲಕ್ಷ ಜನರು ಸತ್ತರು. 10 ಲಕ್ಷಕ್ಕೂ ಮಿಕ್ಕಿ ಜನರು ದೇಶ ಬಿಟ್ಟರು. ಐರಿಷ್ ನುಡಿಯುತ್ತಿದ್ದ ಪಶ್ಚಿಮದ ಬಡವರಿಗೇ ಪೆಟ್ಟು ಹೆಚ್ಚು. 1851ರ ಖಾನೇಷುಮಾರಿಯಲ್ಲಿ ಆ ಭಾಷೆಯನ್ನು ಬಲ್ಲವರು ಸುಮಾರು 15 ಲಕ್ಷ. 1901ರಲ್ಲಿ 6 ಲಕ್ಷ 40 ಸಾವಿರದಷ್ಟು ಮಾತ್ರ.

1893ರಲ್ಲಿ ಡಗ್ಲಸ್ ಹೈಡ್ ಮೊದಲಾದವರು ಭಾಷೆಯನ್ನುಳಿಸಲು ಗೇಲಿಕ್ ಲೀಗ್ ಎಂಬ ಸಂಘವನ್ನು ಸ್ಥಾಪಿಸಿದರು. ಹೈಡನು ಪ್ರೊಟೆಸ್ಟಂಟ್ ಪಾದ್ರಿಯೊಬ್ಬರ ಮಗನೆಂಬುದು ಗಮನಾರ್ಹ. 1938ರಲ್ಲಿ ಆತನೇ ಐರ್ಲೆಂಡಿನ ಮೊದಲನೆಯ ಅಧ್ಯಕ್ಷನಾದನು. 1937ರ ರಾಜ್ಯಾಂಗವು ಐರಿಷನ್ನು ಪ್ರಥಮ ಅಧಿಕೃತ ಭಾಷೆಯೆಂದಿತು. ಶಾಲೆಗಳಲ್ಲಿ ಹೆಚ್ಚಿನವರು ಅದನ್ನು ಕಲಿಯುತ್ತಾರೆ. ಆದರೂ ಹೆಚ್ಚಿನ ಮನೆಗಳ ಮಾತು ಇಂಗ್ಲಿಷೇ. ಶಾಲೆಯು ಕಳೆದುದನ್ನು ಶಾಲೆಯೊಂದರಿಂದಲೇ ಮರಳಿ ತರುವುದು ಕಷ್ಟವಾಗಿದೆ.

ಬ್ರಿಟನ್ನಿನೊಡನೆ ಉಳಿದ ಉತ್ತರ ಐರ್ಲೆಂಡಿನಲ್ಲಿ ಈ ಭಾಷೆಯ ವ್ಯಾಜ್ಯವು ಇನ್ನೂ ದೀರ್ಘವಾಯಿತು. ನ್ಯಾಯಸ್ಥಾನಗಳಲ್ಲಿ ಇಂಗ್ಲಿಷೇ ನಡೆಯತಕ್ಕದ್ದೆಂದು 1737ರಲ್ಲಿ ವಿಧಿಸಿದ್ದ ಶಾಸನವನ್ನು ಅಲ್ಲಿ ತೆಗೆದುಹಾಕುವ ವಿಧಿಯು 2022ರ ಶಾಸನದಲ್ಲಿ ಸೇರಿತು.