ಕೊಟ್ಟಿಗೆಯ ಸಿಮೆಂಟ್ ಶೀಟು ಕೊಯ್ಯುವ ಮುನ್ನ



ಖಾನಾಪುರವೆಂದರೆ ಹಂಚು, ಮಡಿಕೆಗಳ ಊರು. ಅಲ್ಲಿಯ ಹಳೆಯ ಕೊಟ್ಟಿಗೆಗಳಿಗೆ ಹಂಚಿನದೇ ಹೊದಿಕೆ. ಮಂಗಗಳ ಕಾಟ, ವರ್ಷವೂ ಹಂಚು ಕೈಯಾಡಿಸುವ ಖರ್ಚು ಬೇಡವೆಂದು ತಮ್ಮಲ್ಲಿ ಅನೇಕರು ಬೆಳಗಾವಿಯಿಂದ ಸಿಮೆಂಟ್ ಶೀಟು ತಂದು ಹಾಕಿಸಿರಬಹುದು. ಇಂಥ ಶೀಟಿನಲ್ಲಿ ಸಾಮಾನ್ಯವಾಗಿ ನೂರಕ್ಕೆ 8ರಿಂದ 10 ಭಾಗ ಬಿಳಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ.

ಗಟ್ಟಿಯಾಗಿರುವ ಶೀಟು ತಲೆಯ ಮೇಲಿದ್ದರೆ ಅಂಜಬೇಕಾದ್ದು ಕಡಿಮೆ. ನಾರನ್ನು ಸಿಮೆಂಟ್ ಹಿಡಿದಿಟ್ಟಿರುತ್ತದೆ. ತಂತಿ ಬ್ರಷ್ಷಿನಿಂದ ಒಣ ಪಾಚಿ ಕೆರೆಯುವಾಗ, ಗರಗಸದಿಂದ ಕೊಯ್ಯುವಾಗ, ಒಡೆದ ಚೂರು ಕುಟ್ಟಿ ಗೋದಲಿಯ ಮುಂದೆ ಹಾಸುವಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಏಳುತ್ತವೆ.

ಉಸಿರಿನೊಡನೆ ಒಳಹೋದ ಉದ್ದನೆಯ ಎಳೆಗಳನ್ನು ಶರೀರದ ಕಾವಲು ಕೋಶಗಳು ಪೂರ್ತಿ ನುಂಗಲಾರವು. ಕೆಲವು ಎಳೆಗಳು ಶ್ವಾಸಕೋಶದ ಹೊರಪೊರೆಯನ್ನು ತಲುಪಿ ವರ್ಷಗಟ್ಟಲೆ ಉರಿಯೂತ ಎಬ್ಬಿಸುತ್ತವೆ. ಅದರಿಂದ ಪೊರೆಯ ಕೋಶಗಳ ಜೀನುಗಳು ಕೆಟ್ಟು ಮೀಸೋಥೀಲಿಯೋಮಾ ಎಂಬ ಕ್ಯಾನ್ಸರ್ ಹುಟ್ಟಬಹುದು.

ಪುಂಡ ಹೋರಿಯನ್ನು ಜಾತ್ರೆಗೆ ಒಯ್ಯುವಾಗ ಎರಡೂ ಬದಿಗೆ ಹಗ್ಗ ಹಿಡಿಯುತ್ತೇವಲ್ಲವೇ? ಕೋಶವು ಮಿತಿಮೀರಿ ಬೆಳೆಯದಂತೆ ತಡೆಯುವ ಜೀನುಗಳೂ ಹಾಗೆಯೇ ಜೋಡಿಯಾಗಿವೆ, ತಂದೆಯಿಂದ ಒಂದು, ತಾಯಿಯಿಂದ ಒಂದು. ಒಂದು ಹರಿದರೆ ಇನ್ನೊಂದು ಹಿಡಿದಿರುತ್ತದೆ. ಎರಡೂ ಹರಿದರೆ ಕೋಶ ಕೈತಪ್ಪುತ್ತದೆ. ಈ ರೋಗದಲ್ಲಿ ಹೆಚ್ಚಾಗಿ ಕೆಡುವ ಇಂಥ ಜೀನುಗಳು ಬಿಎಪಿ1, ಎನ್‌ಎಫ್2 ಮತ್ತು ಸಿಡಿಕೆಎನ್2ಎ. ಕೆಲವು ಮನೆತನಗಳಲ್ಲಿ ಬಿಎಪಿ1ರ ಒಂದು ಹಗ್ಗ ಹುಟ್ಟಿನಿಂದಲೇ ಹರಿದಿರುತ್ತದೆಂದು 2011ರಲ್ಲಿ ತಿಳಿದುಬಂದಿತು. ಅಂಥವರಿಗೆ ಅಪಾಯ ಹೆಚ್ಚು.

ದಕ್ಷಿಣ ಆಫ್ರಿಕದಲ್ಲಿ ವ್ಯಾಗ್ನರ್ ಮತ್ತು ಸಂಗಡಿಗರು 1960ರಲ್ಲಿ ಇಂಥ 33 ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ ಕಲ್ನಾರಿನ ಗಣಿಯಲ್ಲಿ ದುಡಿಯದೆ, ಬರಿದೇ ಅದರ ಬಳಿ ವಾಸವಿದ್ದವರೂ ಇದ್ದರು. ಅಲ್ಲಿಯದು ನೀಲಿ ಕಲ್ನಾರು, ಹೆಚ್ಚು ಘಾತಕ. ಆದರೆ ಬಿಳಿಯದೂ ಕ್ಯಾನ್ಸರ್‌ಕಾರಕವೇ.

ರೋಗ ವಿರಳ, ನಿಜ. ಒಂದು ದಿನ ಶೀಟು ಕೊಯ್ದವರೆಲ್ಲ ಗಾಬರಿಯಾಗಬೇಕಿಲ್ಲ; ನಿತ್ಯ ಅದೇ ಕೆಲಸ ಮಾಡುವ ಗೌಂಡಿ, ಬಡಿಗರಿಗೆ ಅಪಾಯ ಹೆಚ್ಚು. ಎಳೆ ಒಳಹೊಕ್ಕು 20ರಿಂದ 50 ವರ್ಷಗಳ ಮೇಲೆ ರೋಗ ಕಾಣಿಸುವುದರಿಂದ, ಇಂದಿನ ಹುಡುಗ ಅಜ್ಜನಾದಾಗ ಕಾರಣ ಯಾರಿಗೂ ನೆನಪಿರುವುದಿಲ್ಲ. ಬೀಡಿಯಿಂದ ಈ ರೋಗ ಬರುವುದಿಲ್ಲ, ಆದರೆ ಬೀಡಿ, ಕಲ್ನಾರು ಎರಡೂ ಕೂಡಿದರೆ ಶ್ವಾಸಕೋಶದ ಕ್ಯಾನ್ಸರ್ ಬಹಳ ಹೆಚ್ಚುತ್ತದೆ.

ಶೀಟು ಬಿಚ್ಚುವಾಗ ನೀರು ಚಿಮುಕಿಸಿ, ಇಡಿಯಾಗಿಯೇ ಇಳಿಸಿರಿ. ಆ ಹೊತ್ತಿಗೆ ದನಗಳನ್ನೂ ಮಕ್ಕಳನ್ನೂ ದೂರವಿಡಿರಿ. ಮುಖಕ್ಕೆ ಟವೆಲ್ ಕಟ್ಟಿದರೆ ಸಾಲದು, ಸಣ್ಣ ಧೂಳು ತಡೆಯುವ ಮಾಸ್ಕ್ ಬೇಕು. ಚೂರುಗಳನ್ನು ಒದ್ದೆ ಮಾಡಿ ಪ್ಲಾಸ್ಟಿಕ್‌ನಲ್ಲಿ ಸುತ್ತಿರಿ, ತಿಪ್ಪೆಗೆ ಹಾಕಬೇಡಿರಿ. ಕೆಲಸದ ಬಟ್ಟೆಯನ್ನು ಮನೆಯೊಳಗೆ ಝಾಡಿಸದೆ ನೀರಿನಲ್ಲಿ ನೆನೆಯಿಡಿರಿ. ಇಂಥ ಕೆಲಸವನ್ನು ಬಹಳ ವರ್ಷ ಮಾಡಿದವರಿಗೆ ದಮ್ಮು, ಎದೆನೋವು, ಎದೆಯಲ್ಲಿ ನೀರು ತುಂಬುವುದು ಕಂಡುಬಂದರೆ, ಬೆಳಗಾವಿಯ ಜಿಲ್ಲಾಸ್ಪತ್ರೆಗೆ ಹೋದಾಗ ಆ ಕಸುಬಿನ ಮಾತನ್ನು ವೈದ್ಯರಿಗೆ ಮೊದಲೇ ಹೇಳಿರಿ.