ಟಿ.ವಿ. ಪೆಟ್ಟಿಗೆಗೆ ದೂರವಾಣಿ ತಂತಿ ಏಕೆ ಬೇಕಿತ್ತು?

ಉಪಗ್ರಹದಿಂದ ನೇರವಾಗಿ ಮನೆಗೆ ಬರುವ ಟಿ.ವಿ. ಪ್ರಸಾರಕ್ಕೆ ಬೇಕಾದ ಸಲಕರಣೆ ಹೆಚ್ಚೇನಿಲ್ಲ. ಚಾವಣಿಯ ಮೇಲೊಂದು ಡಿಶ್ ಆಂಟೆನಾ, ಟಿ.ವಿ. ಪಕ್ಕದಲ್ಲೊಂದು ಸೆಟ್ ಟಾಪ್ ಬಾಕ್ಸ್, ಇವೆರಡನ್ನೂ ಕೂಡಿಸುವ ಒಂದು ಕೇಬಲ್ ಇದ್ದರೆ ಸಾಕು. ಚಿತ್ರವಾಗಲಿ ಧ್ವನಿಯಾಗಲಿ ದೂರವಾಣಿ ತಂತಿಯ ಮೂಲಕ ಬರುವುದಿಲ್ಲ. ಹೀಗಿದ್ದರೂ 1990ರ ದಶಕದಿಂದ ಆರಂಭಿಸಿ ಅನೇಕ ವರ್ಷಗಳ ಕಾಲ ಅಮೆರಿಕ ಮತ್ತು ಬ್ರಿಟನ್ನಿನ ಚಂದಾದಾರರ ಕರಾರು ಪತ್ರಗಳಲ್ಲಿ ಒಂದು ಷರತ್ತು ಕಾಣಿಸಿಕೊಳ್ಳುತ್ತಿತ್ತು: ಬಾಕ್ಸನ್ನು ಮನೆಯ ಸ್ಥಿರ ದೂರವಾಣಿಗೆ ಜೋಡಿಸಿಟ್ಟಿರಬೇಕು. ಈ ಷರತ್ತಿನ ಕಾರಣವನ್ನು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಅರ್ಥಶಾಸ್ತ್ರದಲ್ಲಿ ಹುಡುಕಬೇಕು. ಆ ತಂತಿ ಇಂದು ಬಹುಮಟ್ಟಿಗೆ ಮರೆಯಾಗಿದೆ; ಅದರ ಹಿಂದಿದ್ದ ತರ್ಕ ಮಾತ್ರ ಈಗ ನಮ್ಮ ಮನೆಗಳಿಗೂ ಬಂದಿರುವುದರಿಂದ ಈ ವಿಚಾರವನ್ನು ವಿವರವಾಗಿ ನೋಡುವುದು ಒಳಿತು.

ಉಪಗ್ರಹ ಪ್ರಸಾರ ಏಕಮುಖವಾದುದು. ಸುಮಾರು 36 ಸಾವಿರ ಕಿ.ಮೀ. ಎತ್ತರದಿಂದ ಸಂಕೇತಗಳು ಇಳಿದು ಬರುತ್ತವೆ. ಯಾವ ಕಾರ್ಡಿಗೆ ಯಾವ ಚಾನೆಲ್ ನೋಡಲು ಅನುಮತಿಯಿದೆ ಎಂಬ ಆದೇಶವೂ ಆಕಾಶದಿಂದಲೇ ಬರುತ್ತದೆ. ಆದರೆ ಮನೆಯ ಬಾಕ್ಸಿಗೆ ಮರುಮಾತು ಹೇಳುವ ದಾರಿಯಿಲ್ಲ. ಈ ಕೊರತೆಯನ್ನು ತುಂಬಲು ಬಾಕ್ಸಿನೊಳಗೆ ಒಂದು ಮೋಡೆಂ ಇರಿಸಲಾಯಿತು. ವೀಕ್ಷಕನು ರಿಮೋಟ್ ಒತ್ತಿ ಒಂದು ಸಿನಿಮಾವನ್ನೋ ಕುಸ್ತಿ ಪಂದ್ಯವನ್ನೋ ಖರೀದಿಸಿದರೆ ಆ ಸಾಲ ಸ್ಮಾರ್ಟ್ ಕಾರ್ಡಿನಲ್ಲಿ ದಾಖಲಾಗುತ್ತಿತ್ತು. ಬಾಕ್ಸು ಯಾವುದೋ ಸಮಯದಲ್ಲಿ ತಾನಾಗಿಯೇ ಕಂಪನಿಯ ಸಂಖ್ಯೆಗೆ ಕರೆ ಮಾಡಿ ಲೆಕ್ಕ ಒಪ್ಪಿಸುತ್ತಿತ್ತು. ಕಿರಾಣಿ ಅಂಗಡಿಯ ಉದ್ರಿ ಪುಸ್ತಕವನ್ನು ಗಿರಾಕಿಯ ಮನೆಯಲ್ಲೇ ಇಟ್ಟು, ರಾತ್ರಿ ಫೋನಿನಲ್ಲಿ ಓದಿಸಿಕೊಂಡಂತೆ. ಇಷ್ಟರಮಟ್ಟಿಗೆ ತಂತಿಯ ಅಗತ್ಯ ಸಹಜವಾದದ್ದೇ. ಉದ್ರಿ ಬೇಡದವನು ತಂತಿ ಜೋಡಿಸದಿದ್ದರೆ ಯಾರಿಗೂ ನಷ್ಟವಿಲ್ಲ.

ಷರತ್ತು ಕಡ್ಡಾಯವಾಗುತ್ತಾ ಹೋದದ್ದಕ್ಕೆ ಬೇರೆ ಕಾರಣಗಳಿದ್ದವು. ಬ್ರಿಟನ್ನಿನಲ್ಲಿ 1998ರ ಅಕ್ಟೋಬರ್‌ನಲ್ಲಿ ಸ್ಕೈ ಡಿಜಿಟಲ್ ಸೇವೆ ಆರಂಭವಾಯಿತು. ಮರುವರ್ಷ ಬಾಕ್ಸನ್ನು ಉಚಿತವಾಗಿಯೇ ಕೊಡಲಾಯಿತು. ಬಾಕ್ಸಿನ ಸಹಾಯಧನದ ಹಿಂದೆ ಬ್ರಿಟಿಷ್ ಇಂಟರಾಕ್ಟಿವ್ ಬ್ರಾಡ್‌ಕಾಸ್ಟಿಂಗ್ ಎಂಬ ಜಂಟಿ ಸಂಸ್ಥೆಯಿತ್ತು. ಅದರಲ್ಲಿ ಬಿಸ್ಕೈಬಿ ಮತ್ತು ಬ್ರಿಟಿಷ್ ಟೆಲಿಕಾಂ ತಲಾ ಶೇ 32.5, ಮಿಡ್‌ಲ್ಯಾಂಡ್ ಬ್ಯಾಂಕ್ ಶೇ 20, ಮತ್ಸುಶಿಟಾ ಶೇ 15 ಪಾಲು ಹೊಂದಿದ್ದವು. ಪ್ರಸಾರಕ, ದೂರವಾಣಿ ಕಂಪನಿ, ಬ್ಯಾಂಕು, ಉಪಕರಣ ತಯಾರಕ—ನಾಲ್ವರೂ ಒಂದೇ ಪಂಕ್ತಿಯಲ್ಲಿ ಕುಳಿತಿದ್ದರು. ಟಿ.ವಿ. ಪರದೆಯ ಮೇಲೆಯೇ ಜನ ಸಾಮಾನು ಕೊಳ್ಳುವರು, ಬ್ಯಾಂಕ್ ವ್ಯವಹಾರ ನಡೆಸುವರು ಎಂಬುದು ಅವರ ಎಣಿಕೆ. ಅದಕ್ಕೆ ಮರುದಾರಿ ಬೇಕು. ಆದ್ದರಿಂದ ಸಹಾಯಧನ ಪಡೆದವರು 12 ತಿಂಗಳ ಕಾಲ ಬಾಕ್ಸನ್ನು ದೂರವಾಣಿಗೆ ಜೋಡಿಸಿಟ್ಟಿರಬೇಕೆಂಬ ನಿಯಮ. ಐರೋಪ್ಯ ಆಯೋಗ ಈ ಕೂಟವನ್ನು ಸ್ಪರ್ಧಾ ಕಾನೂನಿನ ದೃಷ್ಟಿಯಿಂದ ಪರಿಶೀಲಿಸಿ, 1999ರ ಸೆಪ್ಟೆಂಬರ್‌ನಲ್ಲಿ ಷರತ್ತುಬದ್ಧ ಒಪ್ಪಿಗೆ ನೀಡಿತು. ಈ ಕರಾರಿನಲ್ಲಿ ಒಂದು ಪ್ರಾಮಾಣಿಕತೆಯಿತ್ತು ಎಂದೇ ನನ್ನ ಅಭಿಪ್ರಾಯ. ಕೊಟ್ಟದ್ದೇನು, ಪಡೆದದ್ದೇನು, ಎಷ್ಟು ಕಾಲಕ್ಕೆ ಎಂಬುದು ಸ್ಪಷ್ಟವಾಗಿತ್ತು. ವರ್ಷ ಕಳೆದರೆ ತಂತಿ ಕಿತ್ತಿಡಬಹುದಿತ್ತು.

ಆದರೆ ಎರಡನೆಯ ಬಾಕ್ಸಿನ ಪ್ರಶ್ನೆ ಬಂದಾಗ ಕಾಲಮಿತಿ ಮಾಯವಾಯಿತು. ಅಂಗಳದ ಟಿ.ವಿ.ಗೆ ಒಂದು ಬಾಕ್ಸು, ಮಲಗುವ ಕೋಣೆಗೆ ಇನ್ನೊಂದು. ಎರಡನೆಯದಕ್ಕೆ ಪೂರ್ಣ ಚಂದಾ ಕೇಳಿದರೆ ಯಾರೂ ಕೊಳ್ಳುವುದಿಲ್ಲ. ರಿಯಾಯಿತಿ ಕೊಟ್ಟರೆ ಅದು ಪಕ್ಕದ ಮನೆಗೆ ಹೋಗಬಹುದು. ಉಪಗ್ರಹದ ಕಿರಣ ಇಡೀ ದೇಶವನ್ನೇ ಆವರಿಸುವುದರಿಂದ ಬಾಕ್ಸು ಎಲ್ಲಿದೆಯೆಂದು ಕಂಪನಿಗೆ ತಿಳಿಯುವ ಮಾರ್ಗವಿಲ್ಲ. ಬೆಲೆ ತಾರತಮ್ಯ ಫಲಿಸಬೇಕಾದರೆ ಅಗ್ಗಕ್ಕೆ ಪಡೆದವನು ಅದನ್ನು ಇನ್ನೊಬ್ಬನಿಗೆ ದಾಟಿಸಲು ಸಾಧ್ಯವಾಗಬಾರದೆಂದು ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲೇ ವಿವರಿಸಿದ್ದರು. ಆ ಬೇಲಿಯ ಕೆಲಸವನ್ನು ದೂರವಾಣಿ ತಂತಿ ಮಾಡಿತು. ಎಲ್ಲ ಬಾಕ್ಸುಗಳೂ ಒಂದೇ ಸ್ಥಿರ ದೂರವಾಣಿಗೆ ಜೋಡಣೆಯಾಗಿದ್ದರೆ ಅವೆಲ್ಲ ಒಂದೇ ಮನೆಯಲ್ಲಿವೆ ಎಂದರ್ಥ. ಸ್ಕೈನ ಮಲ್ಟಿರೂಮ್ ಯೋಜನೆಗೂ, 1994ರಲ್ಲಿ ಅಮೆರಿಕದಲ್ಲಿ ಸೇವೆ ಆರಂಭಿಸಿದ ಡೈರೆಕ್‌ಟಿವಿಯ ಹೆಚ್ಚುವರಿ ಬಾಕ್ಸಿನ ರಿಯಾಯಿತಿಗೂ ಇದೇ ನಿಯಮವಿತ್ತು. ಡಿಶ್ ನೆಟ್‌ವರ್ಕ್ ಇನ್ನೂ ನೇರವಾದ ದಾರಿ ಹಿಡಿಯಿತು: ಎರಡು ಟಿ.ವಿ.ಗಳನ್ನು ನಡೆಸುವ ಬಾಕ್ಸನ್ನು ದೂರವಾಣಿಗೆ ಜೋಡಿಸದಿದ್ದರೆ ತಿಂಗಳಿಗೆ 5 ಡಾಲರ್ ಹೆಚ್ಚು. ಜಾಹೀರಾತಿನ ಅಡಿಯಲ್ಲಿ ಸಣ್ಣಕ್ಷರದಲ್ಲಿದ್ದರೂ ಅದು ಬೆಲೆಯೆಂದು ಕರೆಸಿಕೊಂಡ ಬೆಲೆ.

ಮೊಬೈಲ್ ಬಂದ ಮೇಲೆ ಈ ಷರತ್ತಿನ ಭಾರ ಬದಲಾಯಿತು. ಅಮೆರಿಕದಲ್ಲಿರುವ ನನ್ನ ಸೋದರಳಿಯನ ಮನೆಗೆ ಹೋಗಿದ್ದಾಗ ಅವನ ಸ್ಥಿರ ದೂರವಾಣಿ ಒಮ್ಮೆಯೂ ರಿಂಗಾಗಲಿಲ್ಲ. ಕೇಳಿದರೆ, ‘ಮಾವ, ಆ ಫೋನನ್ನು ನಾವ್ಯಾರೂ ಉಪಯೋಗಿಸುವುದಿಲ್ಲ, ಟಿ.ವಿ. ಬಾಕ್ಸ್ ಮಾತ್ರ ಉಪಯೋಗಿಸುತ್ತೆ’ ಎಂದ. ಫೋನ್ ತೆಗೆಸಿದರೆ ಎರಡನೆಯ ಬಾಕ್ಸಿನ ರಿಯಾಯಿತಿ ತಪ್ಪುತ್ತಿತ್ತು. ಟಿ.ವಿ. ಬಿಲ್ಲಿನಲ್ಲಿ ಉಳಿಸಿದ್ದನ್ನು ಅವನು ಪ್ರತಿ ತಿಂಗಳೂ ದೂರವಾಣಿ ಬಾಡಿಗೆಯಾಗಿ ಕಟ್ಟುತ್ತಿದ್ದ. ತಾನು ಒಂದೇ ಮನೆಯವನು ಎಂದು ಸಾಬೀತುಪಡಿಸುವ ಖರ್ಚು ಅದು. ಆದರೆ ಯಾವ ಬಿಲ್ಲಿನಲ್ಲೂ ಆ ಹೆಸರಿನಲ್ಲಿ ನಮೂದಾಗಿರಲಿಲ್ಲ.

‘ಒಂದು ಮನೆ’ ಎಂದರೇನು ಎಂಬುದು ಆಡಳಿತಗಾರರಿಗೆ ಹಳೆಯ ತಲೆನೋವು. ನಮ್ಮ ಜನಗಣತಿ ಅದಕ್ಕೆ ಸೊಗಸಾದ ಉತ್ತರ ಕಂಡುಕೊಂಡಿದೆ: ಸಾಮಾನ್ಯವಾಗಿ ಒಟ್ಟಿಗೆ ವಾಸಿಸುತ್ತ ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಕುಟುಂಬ. ನಾನು ಸೇವೆಯಲ್ಲಿದ್ದಾಗ ಒಂದೇ ಸೂರಿನಡಿ ವಾಸಿಸುವ ಅಣ್ಣತಮ್ಮಂದಿರು ಪ್ರತ್ಯೇಕ ಪಡಿತರ ಚೀಟಿ ಕೇಳಿದಾಗ ಸಿಬ್ಬಂದಿ ಹೋಗಿ ಒಲೆ ಎಷ್ಟಿವೆಯೆಂದು ನೋಡಿಬರಬೇಕಾಗುತ್ತಿತ್ತು. ಆ ಪದ್ಧತಿಯಲ್ಲಿ ಲೋಪಗಳು ಸಾಕಷ್ಟಿದ್ದವು. ಆದರೂ ಪರಿಶೀಲನೆಯ ವೆಚ್ಚ ಸರ್ಕಾರದ್ದು. ಬಂದವನು ಬಾಗಿಲು ತಟ್ಟಿಯೇ ಬರುತ್ತಿದ್ದ. ನಿರ್ಧಾರ ಒಪ್ಪದವರು ಮೇಲಧಿಕಾರಿಗೆ ಅರ್ಜಿ ಹಾಕಬಹುದಿತ್ತು. ಟಿ.ವಿ. ಕಂಪನಿ ಒಲೆಯ ಬದಲು ತಂತಿಯನ್ನು ಕುಟುಂಬದ ಗುರುತಾಗಿಸಿಕೊಂಡಿತು. ಅಲ್ಲಿ ಪರಿಶೀಲನೆ ಸದ್ದಿಲ್ಲದೆ ನಡೆಯುತ್ತಿತ್ತು, ಅದರ ಖರ್ಚು ಗ್ರಾಹಕನ ಮೇಲೆ ಬೀಳುತ್ತಿತ್ತು. ಮನೆಯಲ್ಲಿ ಸ್ಥಿರ ದೂರವಾಣಿಯೇ ಇಲ್ಲದವನು ಎಷ್ಟೇ ಸತ್ಯವಂತನಾದರೂ ಷರತ್ತು ಮುರಿದವರ ಸಾಲಿಗೆ ಸೇರುತ್ತಿದ್ದ.

ಭಾರತದಲ್ಲಿ ಈ ಷರತ್ತು ಬೇರೂರಲಿಲ್ಲ, ಬೇರೂರುವುದು ಸಾಧ್ಯವೂ ಇರಲಿಲ್ಲ. 2001ರ ಜನಗಣತಿಯ ಪ್ರಕಾರ ದೇಶದ ಶೇ 31.6ರಷ್ಟು ಕುಟುಂಬಗಳಲ್ಲಿ ಟಿ.ವಿ. ಇತ್ತು, ದೂರವಾಣಿ ಇದ್ದದ್ದು ಶೇ 9.1ರಷ್ಟರಲ್ಲಿ ಮಾತ್ರ. ಫೋನ್ ಕಡ್ಡಾಯ ಮಾಡಿದ್ದರೆ ಕಂಪನಿಗಳು ತಮ್ಮ ಮಾರುಕಟ್ಟೆಯ ಬಹುಭಾಗವನ್ನು ತಾವೇ ಹೊರಗಿಟ್ಟಂತಾಗುತ್ತಿತ್ತು. 2003ರ ಅಕ್ಟೋಬರ್‌ನಲ್ಲಿ ಡಿಶ್ ಟಿವಿ, 2006ರಲ್ಲಿ ಟಾಟಾ ಸ್ಕೈ ಬಂದವು. ಇಲ್ಲಿ ಬೇರೂರಿದ್ದು ಮುಂಗಡ ಪಾವತಿ. ರೀಚಾರ್ಜ್ ಮಾಡಿದ ಹಣ ಮುಗಿದರೆ ಆಕಾಶದಿಂದ ಬಂದ ಆದೇಶವೇ ಚಾನೆಲ್ ನಿಲ್ಲಿಸುತ್ತದೆ. ಹೊಸ ಚಾನೆಲ್ ಬೇಕಾದರೆ ಎಸ್‌ಎಂಎಸ್ ಸಾಕು. ಉದ್ರಿಯೇ ಇಲ್ಲದ ಮೇಲೆ ಲೆಕ್ಕ ಒಪ್ಪಿಸುವ ತಂತಿ ಏಕೆ? ಬಡತನದ ಮಾರುಕಟ್ಟೆ ಎಂದು ಹೀಗಳೆಯಲಾದ ವ್ಯವಸ್ಥೆ ಈ ವಿಷಯದಲ್ಲಿ ಶ್ರೀಮಂತ ದೇಶಗಳಿಗಿಂತ ಸರಳವೂ ಪಾರದರ್ಶಕವೂ ಆಗಿತ್ತು. 2020ರಲ್ಲಿ ಟ್ರಾಯ್, ಒಂದೇ ಮನೆಯ ಎರಡನೆಯ ಟಿ.ವಿ. ಸಂಪರ್ಕಕ್ಕೆ ಮೊದಲನೆಯದರ ನೆಟ್‌ವರ್ಕ್ ಶುಲ್ಕದ ಶೇ 40ಕ್ಕಿಂತ ಹೆಚ್ಚು ವಿಧಿಸದಂತೆ ಮಿತಿ ಹಾಕಿತು. ಅಂದರೆ ಎರಡನೆಯ ಪೆಟ್ಟಿಗೆಯ ಪ್ರಶ್ನೆ ನಮ್ಮಲ್ಲಿಯೂ ಇತ್ತು. ಅದನ್ನು ನಿಯಂತ್ರಕರು ಬಹಿರಂಗವಾಗಿ, ದರದ ಭಾಷೆಯಲ್ಲಿ ಚರ್ಚಿಸಿದರು.

ಪಶ್ಚಿಮದಲ್ಲಿ ಷರತ್ತನ್ನು ಕೊಂದದ್ದು ಕಾನೂನಲ್ಲ, ಕಾಲ. 2016ರ ದ್ವಿತೀಯಾರ್ಧದ ಹೊತ್ತಿಗೆ ಅಮೆರಿಕದ ಅರ್ಧಕ್ಕಿಂತ ಹೆಚ್ಚು ಮನೆಗಳು ಮೊಬೈಲ್ ಮಾತ್ರ ಹೊಂದಿದ್ದವು. ಬ್ರಿಟನ್ ತನ್ನ ಹಳೆಯ ದೂರವಾಣಿ ಜಾಲವನ್ನು ಮುಚ್ಚಲು 2027ರ ಜನವರಿಯ ಗಡುವು ಹಾಕಿಕೊಂಡಿತು. 2021ರಲ್ಲಿ ಸ್ಕೈ ಸಂಸ್ಥೆಯೇ ಡಿಶ್ ಬೇಡದ, ಅಂತರ್ಜಾಲದಿಂದ ನಡೆಯುವ ಟಿ.ವಿ.ಯನ್ನು ಮಾರುಕಟ್ಟೆಗೆ ತಂದಿತು. ಅಂತರ್ಜಾಲ ದ್ವಿಮುಖ ಮಾರ್ಗ. ಆಗೊಮ್ಮೆ ಈಗೊಮ್ಮೆ ಕರೆ ಮಾಡುತ್ತಿದ್ದ ಪೆಟ್ಟಿಗೆ ಈಗ ಸದಾ ಮಾತನಾಡುತ್ತಿರಬಲ್ಲದು.

ಹೀಗೆ ಹಳೆಯ ಷರತ್ತು ಹೊಸ ವೇಷದಲ್ಲಿ ಮರಳಿದೆ. 2023ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ, ಜುಲೈ 20ರಂದು ಭಾರತದಲ್ಲಿ ನೆಟ್‌ಫ್ಲಿಕ್ಸ್ ತನ್ನ ಖಾತೆಯನ್ನು ಒಂದೇ ಮನೆಯವರು ಬಳಸಬೇಕೆಂಬ ನಿಯಮವನ್ನು ಜಾರಿಗೆ ತಂದಿತು. ಮನೆಯ ಅಂತರ್ಜಾಲ ಸಂಪರ್ಕ ಈಗ ದೂರವಾಣಿ ತಂತಿಯ ಸ್ಥಾನದಲ್ಲಿದೆ. ಹುಬ್ಬಳ್ಳಿಯಲ್ಲಿ ತಂದೆತಾಯಿ, ಬೆಂಗಳೂರಿನ ಹಾಸ್ಟೆಲಿನಲ್ಲಿ ಮಗಳು, ಕೆಲಸದ ನಿಮಿತ್ತ ಪುಣೆಯಲ್ಲಿ ಮಗ—ಜನಗಣತಿಯ ಅಡುಗೆಮನೆಗೂ ಕಷ್ಟವಾದ ಇಂತಹ ಕುಟುಂಬವನ್ನು ಒಂದು ವೈ-ಫೈ ಹೇಗೆ ಅಳೆದೀತು?

ಕಂಪನಿಗಳು ತಮ್ಮ ಸರಕನ್ನು ಕಾಪಾಡಿಕೊಳ್ಳುವುದು ತಪ್ಪಲ್ಲ. ರಿಯಾಯಿತಿ ದುರುಪಯೋಗವಾದರೆ ರಿಯಾಯಿತಿಯೇ ನಿಲ್ಲುತ್ತದೆ. ಪೂರ್ಣ ಹಣ ಕಟ್ಟುವವನ ಮೇಲೆ ಹೊರೆ ಬೀಳುತ್ತದೆ. ಆದರೆ ಸೇವೆಗೆ ತಾಂತ್ರಿಕವಾಗಿ ಬೇಡವಾದ ಯಾವ ಷರತ್ತೇ ಆದರೂ ಅದು ಬೆಲೆಯ ಒಂದು ಭಾಗ. ಅದನ್ನು ಬೆಲೆಯೆಂದೇ ಕಾಣಿಸಬೇಕು. ನಿಯಂತ್ರಕರು ಇಂತಹ ಕರಾರುಗಳಲ್ಲಿ ಮೂರು ಸಂಗತಿಗಳನ್ನು ಕಡ್ಡಾಯಗೊಳಿಸುವುದು ಯುಕ್ತ. ಮೊದಲನೆಯದಾಗಿ, ಷರತ್ತಿನ ಉದ್ದೇಶವನ್ನೂ ಉಪಕರಣ ರವಾನಿಸುವ ಮಾಹಿತಿಯನ್ನೂ ಸರಳ ಭಾಷೆಯಲ್ಲಿ, ಕನ್ನಡಿಗರಿಗೆ ಕನ್ನಡದಲ್ಲಿ, ತಿಳಿಸಬೇಕು. ಎರಡನೆಯದಾಗಿ, ಷರತ್ತು ಬೇಡವೆನ್ನುವವನು ತೆರಬೇಕಾದ ಹೆಚ್ಚುವರಿ ಮೊತ್ತವನ್ನು ಚಂದಾ ದರದ ಪಕ್ಕದಲ್ಲೇ ನಮೂದಿಸಬೇಕು. ಮೂರನೆಯದಾಗಿ, ಒಂದೇ ಮನೆಯವರೆಂದು ತೋರಿಸಲು ಇನ್ನೊಂದು ಮಾರ್ಗವನ್ನೂ, ನಿರ್ಧಾರದ ವಿರುದ್ಧ ಮನವಿಗೆ ಅವಕಾಶವನ್ನೂ ಕೊಡಬೇಕು. ಪಡಿತರ ಚೀಟಿಗೆ ಅರ್ಜಿ ಹಾಕಿದವನಿಗೆ ಇದ್ದಷ್ಟು ಹಕ್ಕು ಹಣ ತೆತ್ತ ಚಂದಾದಾರನಿಗೂ ಇರಬೇಕೆಂದು ಕೇಳುವುದು ಅತಿಯಾದ ಬೇಡಿಕೆಯೇನಲ್ಲ.